ಹಿಂದಿನ ಗಾಲಿಗೆ ಹತ್ತಿದ ಸುಣ್ಣ

ನಮ್ಮ ಮನೆಯಲ್ಲಿ ಡಬ್ಬಿಗಳಿಗೆ ಬೀಗ ಇರಲಿಲ್ಲ, ಗುರುತು ಇರುತ್ತಿತ್ತು. ಆಯಿ, ಎಂದರೆ ನನ್ನ ಅಪ್ಪನ ತಾಯಿ, ಬೆಳಿಗ್ಗೆ ಪೂಜೆ ಮುಗಿಸಿ ಹಣೆಗೆ ವಿಭೂತಿ ಹಚ್ಚಿಕೊಂಡ ಬೆರಳಿನಿಂದಲೇ ಸಕ್ಕರೆ ಡಬ್ಬಿಯ ಮುಚ್ಚಳದಿಂದ ಕೆಳಗಿನ ತಗಡಿನವರೆಗೆ ಒಂದು ಗೆರೆ ಎಳೆಯುತ್ತಿದ್ದಳು. ಯಾರಾದರೂ ಮುಚ್ಚಳ ತೆಗೆದು ಮತ್ತೆ ಹಾಕಿದರೆ ಗೆರೆಯ ಎರಡು ತುಂಡುಗಳು ಕೂಡುತ್ತಿರಲಿಲ್ಲ. ಅವ್ವ ಶೇಂಗಾ ಎಣ್ಣೆಯ ಬಾಟಲಿಗೆ, ಎಣ್ಣೆ ಎಲ್ಲಿಯವರೆಗೆ ಇದೆಯೋ ಅಲ್ಲಿಗೆ, ಕರಿ ದಾರ ಕಟ್ಟಿಡುತ್ತಿದ್ದಳು. ಆಯಿಯ ಗೆರೆ ಅವ್ವನ ಸಲುವಾಗಿ, ಅವ್ವನ ದಾರ ಆಯಿಯ ಸಲುವಾಗಿ. ಇನ್ನು ಅಪ್ಪ, ಗ್ಯಾರೇಜಿಗೆ ಬಂದ ಪ್ರತಿಯೊಂದು ಗಾಡಿಯ ಮೀಟರು ಎಷ್ಟು ಕಿಲೋಮೀಟರ್ ತೋರಿಸುತ್ತಿದೆ ಎಂಬುದನ್ನು ಬಾಗಿಲ ಪಕ್ಕದ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆಯುತ್ತಿದ್ದ. ಆ ಅಂಕಿಗಳನ್ನು ಓದಿ ಹೇಳುವ ಕೆಲಸ ನನ್ನದು. ಶಾಲೆಯಿಂದ ಬಂದು ಪಾಟೀಚೀಲ ಇಳಿಸಿದವಳೇ ಒಂದೊಂದು ಗಾಡಿಯ ಕಿಟಕಿಗೂ ಹಣೆ ಹಚ್ಚಿ ಅಂಕಿ ಓದುತ್ತಿದ್ದೆ. ಅಪ್ಪ ಗೋಡೆ ನೋಡಿ ‘ಹ್ಞೂಂ’ ಎನ್ನುತ್ತಿದ್ದ. ಆ ಒಂದು ಹ್ಞೂಂಗಾಗಿ ನಾನು ಇಡೀ ದಿನ ಕಾಯುತ್ತಿದ್ದೆ ಎಂದು ಹೇಳಲು ನನಗೆ ಈಗ ನಾಚಿಕೆಯಿಲ್ಲ. ಮುಂದೆ ನಾನು ಅಪಘಾತದ ಗಾಡಿಗಳನ್ನು ಪರೀಕ್ಷಿಸಿ ವಿಮೆಯವರಿಗೆ ವರದಿ ಕೊಡುವ ಸರ್ವೇಯರ್ ಆದೆ. ಹೆಂಗಸು ಈ ಕೆಲಸಕ್ಕೆ ಹೇಗೆ ಬಂದಳು ಎಂದು ಮೂವತ್ತು ವರ್ಷ ಜನ ಕೇಳಿದರು. ಅಂಥ ಮನೆಯಲ್ಲಿ ಹುಟ್ಟಿದವಳು ಮತ್ತೆ ಯಾವ ಕೆಲಸಕ್ಕೆ ಹೋಗಬೇಕಿತ್ತು?

ಮುಲುಂಡ್ ಸ್ಟೇಷನ್ನಿನಿಂದ ಹದಿನೈದು ನಿಮಿಷ ನಡೆದರೆ ನಮ್ಮ ಶೆಡ್ಡು. ಮುಂದೆ ಗ್ಯಾರೇಜು, ಹಿಂದೆ ಎರಡು ಕೋಣೆಯ ಮನೆ, ನಡುವೆ ಒಂದೇ ಬಾಗಿಲು. ಅಪ್ಪ ಡೆಂಟರ್. ನೆಗ್ಗಿದ ತಗಡನ್ನು ಬಡಿದು ಮೊದಲಿನ ಆಕಾರಕ್ಕೆ ತರುವವನು. ಅವನ ತಮ್ಮ, ನನ್ನ ಮಲ್ಲಪ್ಪ ಕಾಕಾ, ಅದಕ್ಕೆ ಬಣ್ಣ ಹೊಡೆಯುವವನು. ವಿಜಯಪುರ ಕಡೆಯಿಂದ ಇಬ್ಬರೂ ಒಟ್ಟಿಗೆ ಬಂದವರು. ಊಟಕ್ಕೆ ಕುಳಿತರೆ ಅವ್ವ ಒಲೆಯ ಮುಂದೆ, ಆಯಿ ಗೋಡೆಗೆ ಒರಗಿ, ಅಪ್ಪ ಮತ್ತು ಕಾಕಾ ಎದುರುಬದುರು, ನಾನು ಕಾಕಾನ ಮೊಣಕಾಲಿಗೆ ತಾಗಿ. ರೊಟ್ಟಿ ಯಾರಿಗೆ ಬಿಸಿಯದು ಬಂತು, ಬೆಣ್ಣೆ ಯಾರ ತಟ್ಟೆಗೆ ಹೆಚ್ಚು ಬಿತ್ತು ಎಂದು ನಾಲ್ಕು ಜೊತೆ ಕಣ್ಣು ಸುಮ್ಮನೆ ಲೆಕ್ಕ ಹಾಕುತ್ತಿದ್ದವು. ಕಾಕಾ ಮಾತ್ರ ಆ ಲೆಕ್ಕದ ಹೊರಗಿದ್ದ. ಸುಮ್ಮನೆ ತಿನ್ನುತ್ತಿದ್ದ, ತಿನ್ನುತ್ತ ಏನೋ ಒಂದು ಹೇಳಿ ನಗಿಸುತ್ತಿದ್ದ. ಒಮ್ಮೆ ಗಿರಾಕಿಯ ಗಾಡಿಗೆ ಬಣ್ಣ ಒಣಗಲಿ ಎಂಬ ನೆವ ಹೇಳಿ, ನನ್ನನ್ನು ಮುಂದಿನ ಸೀಟಿನಲ್ಲಿ ಕೂಡಿಸಿಕೊಂಡು ಪವಾಯಿ ಕೆರೆಗೆ ಹೋಗಿ ಭುಟ್ಟಾ, ಅಂದರೆ ಸುಟ್ಟ ಗೋವಿನಜೋಳದ ತೆನೆ, ಕೊಡಿಸಿ ಕರೆದುಕೊಂಡು ಬಂದಿದ್ದ. ಅದೇ ಸಂಜೆ ನಾನು ಆ ಗಾಡಿಯ ಮೀಟರ್ ಓದಿದೆ. ಅಂಕಿ ಹದಿನಾರು ಹೆಚ್ಚಾಗಿತ್ತು. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಭುಟ್ಟಾ ತಿಂದವಳೂ ನಾನೇ, ಅಂಕಿ ಹೇಳಿದವಳೂ ನಾನೇ. ಅಪ್ಪ ಅವನನ್ನು ಓಣಿಯವರೆಲ್ಲ ಕೇಳುವ ಹಾಗೆ ಬೈದ. ಕಾಕಾ ನನ್ನ ಮೇಲೆ ಸಿಟ್ಟಾಗಲಿಲ್ಲ, ತಲೆ ಸವರಿ ಹೋದ. ಆದರೆ ಅಂದಿನಿಂದ ಅಪ್ಪನ ಪಾಲಿಗೆ ಕಾಕಾ ಎಂದರೆ ಗಾಡಿ ಕದ್ದು ಓಡಿಸುವವನು.

ಅಮೆರಿಕದ ಒಂದು ಕಾರು ನಮ್ಮ ಶೆಡ್ಡಿಗೆ ಬಂದದ್ದು ಇದಾದ ಎರಡು ವರ್ಷಕ್ಕೆ. ನಾನಾಗ ಹನ್ನೊಂದರವಳು. ಹಳೇ ಕಾಲದ, ಎರಡೇ ಬಾಗಿಲಿನ, ಮುಂದೆ ಉದ್ದ ಮೂತಿಯ, ಚಾಲೂ ಮಾಡಿದರೆ ನಮ್ಮ ಅಡುಗೆಮನೆಯ ತಟ್ಟೆ ನಡುಗಿಸುವ ಗಾಡಿ. ಅದರ ಮಾಲೀಕ ಸೇಠ್ ಅದನ್ನು ಮಸಲ್ ಕಾರ್ ಎನ್ನುತ್ತಿದ್ದ. ಚೆಂದ ಕಾಣಲೆಂದು ಸ್ಪ್ರಿಂಗುಗಳನ್ನು ಕತ್ತರಿಸಿ ಗಾಡಿಯನ್ನು ನೆಲಕ್ಕೆ ಇಳಿಸಿದ್ದ, ಹಿಂದೆ ಅಗಲವಾದ ಟೈರು ಹಾಕಿಸಿದ್ದ. ಹಿಂದಿನ ಗಾಲಿಯ ಮೇಲೆ ಕಮಾನಿನ ಹಾಗೆ ಬಾಗಿದ ಮಡ್‌ಗಾರ್ಡಿನ ಅಂಚು ಒಳಕ್ಕೆ ಒಂದು ಬೆರಳಷ್ಟು ಮಡಿಚಿರುತ್ತದೆ. ಟೈರು ಅದಕ್ಕೆ ಉಜ್ಜಿ ಸಪ್ಪಳ ಮಾಡುತ್ತಿದೆ, ರಬ್ಬರು ಕೊಯ್ಯುತ್ತಿದೆ, ಸರಿಮಾಡಿ ಕೊಡಿ, ಆದರೆ ಗಾಡಿ ಎತ್ತರಿಸಬೇಡಿ, ಟೈರು ಬದಲಿಸಬೇಡಿ ಎಂದು ಅವನ ಹಟ. ಅಪ್ಪ ಹಿಂದಿನ ಆಕ್ಸಲ್ ಎಡಕ್ಕೆ ಜರುಗಿದ್ದನ್ನು ಕಂಡುಹಿಡಿದು ನಡುವಿಗೆ ತಂದ. ತಾನೊಬ್ಬನೇ ಕುಳಿತು ಚೆಕ್ ನಾಕಾದವರೆಗೆ ಓಡಿಸಿದ. ಸಪ್ಪಳವಿಲ್ಲ. ಮೂರನೆಯ ದಿನ ಸೇಠ್ ವಾಪಸ್ ಬಂದ. ಅಪ್ಪ ಸ್ಪ್ರಿಂಗಿನ ನಡುವೆ ಗಟ್ಟಿ ರಬ್ಬರ್ ಕೂಡಿಸಿದ, ಮತ್ತೆ ಒಬ್ಬನೇ ಓಡಿಸಿ ನೋಡಿದ. ಸಪ್ಪಳವಿಲ್ಲ. ವಾರದೊಳಗೆ ಸೇಠ್ ಮತ್ತೆ ಬಂದು ನಿಂತು ಟೈರಿನ ಗೀರು ತೋರಿಸಿದ.

"ಮಿಸ್ತ್ರಿ, ಆಪ್ ಚಲಾತೇ ಹೋ ತೋ ಚುಪ್. ಮೈಂ ಚಲಾತಾ ಹೂಂ ತೋ ಘಿಸತಾ ಹೈ. ಯೇ ಕೈಸಾ?"

ಅಪ್ಪ ಓಡಿಸಿದರೆ ಸುಮ್ಮನಿರುವ ಗಾಡಿ ತಾನು ಓಡಿಸಿದರೆ ಯಾಕೆ ಉಜ್ಜುತ್ತದೆ ಎಂಬ ಸೇಠ್‌ನ ಆ ಪ್ರಶ್ನೆ ಅಪ್ಪನ ಊಟ ಕೆಡಿಸಿತು. ಗಾಡಿ ಹತ್ತು ದಿನ ನಮ್ಮಲ್ಲೇ ಇರಲಿ ಎಂದು ಸೇಠ್ ಬಿಟ್ಟುಹೋದ. ಅಪ್ಪ ಮೊದಲು ಸೇಠ್‌ನನ್ನೇ ಅನುಮಾನಿಸಿದ. ಬೇರೆ ಗ್ಯಾರೇಜಿನವರ ಮಾತು ಕೇಳಿ ತನ್ನ ಹೆಸರು ಕೆಡಿಸಲು ನಾಟಕ ಮಾಡುತ್ತಿದ್ದಾನೆ ಎಂದ. ಅವ್ವ ಗಾಡಿಯನ್ನೇ ಅನುಮಾನಿಸಿದಳು. ಇಷ್ಟು ಕೆಳಗೆ ಕೂತ ಗಾಡಿಯ ಹೊಟ್ಟೆಯಲ್ಲಿ ಏನು ಬಚ್ಚಿಟ್ಟಿದ್ದಾರೋ, ಪೋಲೀಸರು ಬಂದರೆ ನಮ್ಮ ಮನೆಗೇ ಬರುತ್ತಾರೆ ಎಂದಳು. ಆಮೇಲೆ ಅಪ್ಪನ ಅನುಮಾನ ತಿರುಗಿ ತಿರುಗಿ ಹಳೇ ಜಾಗಕ್ಕೇ ಬಂತು. ತಾನು ಧಾರಾವಿಗೆ ಸಾಮಾನು ತರಲು ಹೋದಾಗ ಮಲ್ಲಪ್ಪ ಗಾಡಿ ಹೊರಗೆ ತೆಗೆಯುತ್ತಿದ್ದಾನೆ, ರಸ್ತೆಗೆ ಅಡ್ಡ ಹಾಕಿದ ಹಂಪಿನ ಮೇಲೆ ಹಾರಿಸುತ್ತಿದ್ದಾನೆ, ತಾನು ಮಾಡಿದ ಕೆಲಸ ಅದಕ್ಕೇ ನಿಲ್ಲುತ್ತಿಲ್ಲ. ಮೀಟರಿನ ಅಂಕಿ ಮಾತ್ರ ಏರಿರಲಿಲ್ಲ. ದಿನಾ ಸಂಜೆ ನಾನೇ ಓದುತ್ತಿದ್ದೆನಲ್ಲ. ಆದರೆ ಅನುಮಾನಕ್ಕೆ ಬಿದ್ದ ಮನುಷ್ಯನಿಗೆ ಏರದ ಮೀಟರೂ ಒಂದು ಸಾಕ್ಷಿಯೇ. ಇನ್ನೊಮ್ಮೆ ಹೀಗಾದರೆ ಅವನಿಗೆ ಈ ಮನೆಯಲ್ಲಿ ಜಾಗವಿಲ್ಲ ಎಂದು ಅಪ್ಪ ಅವ್ವನ ಮುಂದೆ ಹೇಳಿದ್ದನ್ನು ನಾನು ಕೇಳಿಸಿಕೊಂಡೆ. ಅಂದು ರಾತ್ರಿ ಊಟಕ್ಕೆ ನಾನು ಕಾಕಾನ ಮೊಣಕಾಲಿಗೆ ಇನ್ನಷ್ಟು ಒತ್ತಿ ಕುಳಿತೆ.

ಅಪ್ಪ ಒಂದು ಉಪಾಯ ಹೂಡಿದ. ಬೆಳಿಗ್ಗೆ ಆಯಿಯ ಎಲೆಅಡಕೆ ಚೀಲದಿಂದ ಸುಣ್ಣದ ಡಬ್ಬಿ ತೆಗೆದು, ಅರ್ಧ ಸುಣ್ಣ ಬಗೆದುಕೊಂಡು, ಒಣಗಬಾರದೆಂದು ಎಣ್ಣೆ ಬೆರೆಸಿ ಕಲಸಿದ. ಗಾಡಿಯ ಹಿಂದೆ ಕುಕ್ಕರಗಾಲಲ್ಲಿ ಕುಳಿತು ಎಡಗಡೆಯ ಮಡ್‌ಗಾರ್ಡಿನ ಒಳ ಅಂಚಿಗೆ ಬೆರಳಿನಿಂದ ಸವರಿದ. ಟೈರು ಎಲ್ಲಿ ಉಜ್ಜುತ್ತದೆ ಎಂದು ತಿಳಿಯಲು ಎಂದು ನನಗೆ ಹೇಳಿದ. ಅದು ನಿಜವಾದ ಪದ್ಧತಿಯೇ. ಮುಂದೆ ನಾನೂ ಎಷ್ಟೋ ಗಾಡಿಗಳಿಗೆ ಸೀಮೆಸುಣ್ಣ ಹಚ್ಚಿ ನೋಡಿದ್ದೇನೆ. ಆದರೆ ಅಪ್ಪ ಅಂದು ಹಚ್ಚಿದ್ದು ತಗಡಿಗಲ್ಲ, ತಮ್ಮನಿಗೆ ಎಂಬುದು ಹನ್ನೊಂದು ವರ್ಷದ ನನಗೂ ಗೊತ್ತಾಯಿತು. ಗಾಡಿ ಓಡಿದರೆ ಕರಿ ಟೈರಿಗೆ ಬಿಳಿ ಸುಣ್ಣ ಹತ್ತಬೇಕು. ಸುಣ್ಣ ಹಚ್ಚಿ, ಕೈ ಒರೆಸಿಕೊಂಡು, ಕಾಕಾಗೆ ಕೇಳುವ ಹಾಗೆ, ಧಾರಾವಿಗೆ ಹೊರಟೆ ಎಂದು ಹೇಳಿ ಹೋದ. ಇತ್ತ ಆಯಿ ಸುಣ್ಣ ಅರ್ಧವಾದದ್ದನ್ನು ಕಂಡು, ನನ್ನ ಸುಣ್ಣವನ್ನೂ ಬಿಡೋದಿಲ್ಲ ಎಂದು ಅವ್ವನ ಮೇಲೆ ಕೂಗಾಡಿದಳು. ಅವ್ವ ಪಾತ್ರೆ ಕುಕ್ಕಿದಳು.

ಆ ದಿನ ಶಾಲೆಗೆ ರಜೆ ಇತ್ತು. ಮಧ್ಯಾಹ್ನದ ಊಟವಾದ ಮೇಲೆ ತಗಡಿನ ಮನೆ ಕಾದು ಮಲಗಲಾಗುತ್ತಿರಲಿಲ್ಲ. ನೀರು ಕುಡಿಯಲು ಎದ್ದವಳಿಗೆ ಆಯಿಯೂ ಕಾಣಲಿಲ್ಲ, ಅವ್ವನೂ ಕಾಣಲಿಲ್ಲ. ನಡುಬಾಗಿಲಿನ ಸಂದಿಯಿಂದ ನೋಡಿದೆ. ಶೆಡ್ಡಿನ ನೆರಳಿನಲ್ಲಿ ಆ ದೊಡ್ಡ ಗಾಡಿಯ ಹಿಂದಿನ ಸೀಟಿನಲ್ಲಿ ಇಬ್ಬರೂ ಪಕ್ಕಪಕ್ಕ ಕುಳಿತಿದ್ದರು. ಆಯಿ ಎಲೆಗೆ ಸುಣ್ಣ ಸವರಿ, ಮಡಿಚಿ, ಅವ್ವನ ಕೈಗೆ ಕೊಟ್ಟಳು. ಬೆಳಿಗ್ಗೆ ಕಳ್ಳತನದ ಆರೋಪ ಹೊರಿಸಿದ ಅದೇ ಸುಣ್ಣ. ಅವ್ವ ಏನೋ ಹೇಳಿದಳು, ಆಯಿ ಬಾಯಿಗೆ ಸೆರಗು ಒತ್ತಿಕೊಂಡು ಅಲ್ಲಾಡಿ ಅಲ್ಲಾಡಿ ನಕ್ಕಳು. ಆಯಿ ಹಾಗೆ ನಗಬಲ್ಲಳು ಎಂಬುದೇ ನನಗೆ ತಿಳಿದಿರಲಿಲ್ಲ. ಮೆತ್ತನೆ ಸೀಟು, ತಂಪು, ಯಾರೂ ಕಾಣದ ಜಾಗ. ಅವರು ಅಲ್ಲಿ ಕೂರುವುದು ಅದೇ ಮೊದಲಲ್ಲ ಎಂದು ಕುಳಿತ ಭಂಗಿಯಲ್ಲೇ ಗೊತ್ತಾಗುತ್ತಿತ್ತು. ನನಗೆ ಖುಷಿಯಾಗಲಿಲ್ಲ, ಮೋಸವಾದ ಹಾಗಾಯಿತು. ಹಾಗಾದರೆ ಗೆರೆ, ದಾರ, ಬೆಳಗಿನ ಜಗಳ ಎಲ್ಲ ಯಾರಿಗೆ ತೋರಿಸಲು? ಅವ್ವ ತಲೆ ಎತ್ತಿದವಳು ಸಂದಿಯಲ್ಲಿ ನನ್ನ ಕಣ್ಣು ಕಂಡಳು. ತುಟಿಯ ಮೇಲೆ ಬೆರಳಿಟ್ಟಳು. ಗಿರಾಕಿಯ ಗಾಡಿ ಮುಟ್ಟಬಾರದೆಂಬ ಅಪ್ಪನ ಕಟ್ಟಪ್ಪಣೆ ಹೆಂಗಸರಿಗೂ ಇತ್ತು. ನಾನು ಹೋಗಿ ಮಲಗಿದೆ.

ಅಪ್ಪ ಸಂಜೆಗೆ ಮುಂಚೆಯೇ ಬಂದ. ಚಪ್ಪಲಿ ಬಿಡದೆ ಗಾಡಿಯ ಹಿಂದೆ ಹೋಗಿ ಬಗ್ಗಿದ. ಟೈರಿನ ನೆತ್ತಿಯಲ್ಲಿ ಬಿಳಿ ಗುರುತು. ಅವನ ಮುಖದಲ್ಲಿ ಸಿಟ್ಟಿಗಿಂತ ಸಮಾಧಾನವೇ ಹೆಚ್ಚು ಕಂಡಿತು. ಅದನ್ನು ನಾನು ಮರೆತಿಲ್ಲ. ಕಾಕಾನನ್ನು ಕರೆದ. ಮನೆಯವರೆಲ್ಲ ಬಾಗಿಲಿಗೆ ಬಂದೆವು.

"ಎಲ್ಲಿಗೆ ಒಯ್ದಿದ್ದಿ?"

"ನಾ ಒಯ್ದಿಲ್ಲ ಅಣ್ಣಾ. ಮೀಟರ್ ನೋಡು, ಏರಿಲ್ಲ."

"ಕೇಬಲ್ ಬಿಚ್ಚಿದ್ರ ಮೀಟರ್ ಯಾಕ ಏರ್ತೈತಿ? ಬಿಚ್ಚೂದ ನಿನಗ ಕಲಿಸಿದಾಂವ ನಾನ. ನಿನ್ನ ಟ್ರಂಕ್ ತಗೊಂಡ ನಿನ್ನ ದಾರಿ ನೋಡ್ಕೋ."

ಆಯಿ ಏನಾದರೂ ಹೇಳುತ್ತಾಳೆ ಎಂದು ಕಾದೆ. ಆಯಿ ಕಿರಿಯ ಮಗನನ್ನೇ ಬಿರುಗಣ್ಣಿನಿಂದ ನೋಡುತ್ತಿದ್ದಳು. ಅವಳೂ ನಂಬಿದ್ದಳು. ಅವ್ವನೂ ನಂಬಿದ್ದಳು. ಬರಿದೆ ಕುಳಿತರೆ ಟೈರಿಗೆ ಸುಣ್ಣ ಹತ್ತುತ್ತದೆ ಎಂದು ಅವರಿಗೆ ಹೊಳೆಯುವುದು ಹೇಗೆ? ತಾವಿಬ್ಬರೂ ಎದ್ದು ಹೋದ ಮೇಲೆ ಇವನು ಗಾಡಿ ತೆಗೆದಿರಬೇಕು ಎಂದುಕೊಂಡರು. ಕಾಕಾ ಒಳಗೆ ಹೋಗಿ ಟ್ರಂಕಿಗೆ ಎರಡು ಅಂಗಿ, ಕನ್ನಡಿ, ಬಣ್ಣದ ಕಲೆಯ ಪ್ಯಾಂಟು ತುರುಕಿದ. ನಾನು ಹಿಂದೆ ಹಿಂದೆ ಅಲೆಯುತ್ತಿದ್ದೆ. ಟ್ರಂಕ್ ಎತ್ತಿಕೊಂಡು ಶೆಡ್ಡು ದಾಟುವಾಗ ಅವನ ಕಣ್ಣು ಟೈರಿನ ಮೇಲೆ ಬಿತ್ತು. ಟ್ರಂಕ್ ಕೆಳಗಿಟ್ಟ. ಬಗ್ಗಿ ನೋಡಿದ. ಆಮೇಲೆ ಹ್ಯಾಂಡ್‌ಬ್ರೇಕ್ ಬಿಟ್ಟು, ಗಾಡಿಗೆ ಹೆಗಲು ಕೊಟ್ಟು ನಿಧಾನವಾಗಿ ನೂಕಿದ. ಗಾಲಿ ಪೂರ್ತಿ ಒಂದು ಸುತ್ತು ತಿರುಗಿತು.

"ಹೋಗೂದು ಹೋಗ್ತೀನಿ ಅಣ್ಣಾ. ಆದ್ರ ಗಾಲಿ ಪೂರಾ ನೋಡು. ತಿರಗಿದ್ರ ಸುಣ್ಣ ಸುತ್ತೂ ಹತ್ತಬೇಕಿತ್ತು. ಒಂದ ಗೇಣ ಅಷ್ಟ ಐತಿ. ಗಾಡಿ ಓಡಿಲ್ಲ. ಹಿಂದ ಯಾರೋ ಕುಂತಾರ."

ಅಪ್ಪ ನೋಡಿದ. ಇಪ್ಪತ್ತು ವರ್ಷ ತಗಡು ಬಡಿದ ಮನುಷ್ಯ, ಒಂದು ಗೇಣಿಗೂ ಒಂದು ಸುತ್ತಿಗೂ ವ್ಯತ್ಯಾಸ ತಿಳಿಯದವನಲ್ಲ. ಬೇರೆ ಯಾರ ಗ್ಯಾರೇಜಿನಲ್ಲಾಗಿದ್ದರೂ ಮೊದಲ ನೋಟಕ್ಕೇ ಹಿಡಿಯುತ್ತಿದ್ದ. ಅಂದು ಮಾತ್ರ ತನಗೆ ಬೇಕಾದಷ್ಟೇ ಟೈರು ನೋಡಿದ್ದ. ಸೋತ ಮುಖವನ್ನು ಮತ್ತೆ ಸಿಟ್ಟಾಗಿಸಿಕೊಂಡು, ಹಾಗಾದರೆ ಕುಳಿತವರು ಯಾರು ಎಂದು ಕೇಳಿದ. ಕಾಕಾ ಬಗ್ಗಿ ಮತ್ತೆ ಟ್ರಂಕಿಗೆ ಕೈ ಹಾಕಿದ. ಅವ್ವನ ಕಡೆಯಾಗಲಿ ಆಯಿಯ ಕಡೆಯಾಗಲಿ ಅವನು ನೋಡಲೇ ಇಲ್ಲ. ಅದರಿಂದಲೇ ಅವನಿಗೂ ಗೊತ್ತಿತ್ತು ಎಂದು ನನಗೆ ಅನ್ನಿಸಿತು. ಬಣ್ಣದ ಮೂಲೆಯಿಂದ ಆ ಸೀಟು ನೇರವಾಗಿ ಕಾಣುತ್ತಿತ್ತು.

"ನಾ ಕುಂತಿದ್ನಿ ಅಪ್ಪಾ," ಎಂದೆ.

ನನ್ನ ಜೀವಮಾನದಲ್ಲಿ ಅಪ್ಪನಿಗೆ ಹೇಳಿದ ಮೊದಲ ಸುಳ್ಳು ಅದು. ಅಪ್ಪ ಹೊಡೆಯಲಿಲ್ಲ. ಕುಳಿತು ತೋರಿಸು ಎಂದ. ಮುಂದಿನ ಸೀಟು ಮಡಚಿ ಹಿಂದೆ ಹೋಗಿ ಕುಳಿತೆ. ಅವನು ಗಾಲಿಯ ಪಕ್ಕ ಕುಕ್ಕರಿಸಿ ಟೈರಿಗೂ ಮಡ್‌ಗಾರ್ಡಿಗೂ ನಡುವೆ ಬೆರಳು ತೂರಿಸಿದ. ಸಂದು ಇನ್ನೂ ಒಂದೂವರೆ ಬೆರಳು ಇತ್ತು. ಇವಳೊಬ್ಬಳಿಂದ ಆಗುವ ಕೆಲಸವಲ್ಲ, ಜೊತೆಗೆ ಯಾರು ಎಂದು ಕೇಳಿದ. ಆಮೇಲೆ ಅವ್ವ ಕೈಯಲ್ಲಿದ್ದ ಸೌಟನ್ನು ಹೊಸ್ತಿಲ ಮೇಲಿಟ್ಟು, ಯಾರ ಮುಖವನ್ನೂ ನೋಡದೆ ಬಂದು ನನ್ನ ಪಕ್ಕ ಕುಳಿತಳು. ಗಾಡಿ ಕೆಳಗೆ ಇಳಿದದ್ದು ನನಗೇ ತಿಳಿಯಿತು. ಅಪ್ಪ ಹೆಂಡತಿಯನ್ನು ನೋಡಿದ, ಬೆರಳು ನೋಡಿಕೊಂಡ. ಅರ್ಧ ಬೆರಳು ಉಳಿದಿತ್ತು. ಆಗ ಆಯಿ ಗೋಡೆ ಬಿಟ್ಟು ಎದ್ದಳು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಒಂದು ಕೈಯಿಂದ ಬಾಗಿಲು ಹಿಡಿದು, ಇನ್ನೊಂದು ಕೈಯನ್ನು ಅವ್ವ ಹಿಡಿದೆಳೆಯಲು ಕೊಟ್ಟು, ಉಸ್ ಎನ್ನುತ್ತ ಬಂದು ತನ್ನ ಮಾಮೂಲಿ ಜಾಗದಲ್ಲಿ ಕುಳಿತಳು. ಆಯಿ ಹಗುರ ಹೆಂಗಸಲ್ಲ.

"ನೋಡಪಾ ಈಗ. ಹತ್ತೇತೇನು?"

ಹತ್ತಿತ್ತು. ಅಪ್ಪನ ಬೆರಳು ಸಿಕ್ಕಿಬಿದ್ದು, ಎಳೆದುಕೊಂಡಾಗ ಬಿಳಿಯಾಗಿ ಹೊರಬಂತು. ಮುಂದೆ ಬೈಗುಳ ಬರುತ್ತದೆ ಎಂದು ನಾವು ಮೂವರೂ ಹಿಂದಿನ ಸೀಟಿನಲ್ಲಿ ಸಾಲಾಗಿ ಕಾದೆವು. ಅಪ್ಪ ಮಾತ್ರ ಬೆರಳನ್ನೇ ನೋಡುತ್ತ ನಿಂತ. ಆ ಬೆರಳಿನಲ್ಲಿ ಅವನಿಗೆ ಸೇಠ್‌ನ ಪ್ರಶ್ನೆಗೂ ಉತ್ತರ ಸಿಕ್ಕಿತ್ತು. ಮರುದಿನ ಅಂಗಡಿಯ ಫೋನಿನಿಂದ ಸೇಠ್‌ಗೆ ಹಿಂದೆ ಯಾರು ಕೂರುತ್ತಾರೆ ಎಂದು ಕೇಳಿದ. ಹೆಂಡತಿ, ಅತ್ತೆ, ಮಗ ಎಂದು ಅವನು ಹೇಳಿದ. ಅಪ್ಪ ಪ್ರತಿ ಸಲವೂ ಒಬ್ಬನೇ ಓಡಿಸಿ ಗಾಡಿ ಸುಮ್ಮನಿದೆ ಎಂದಿದ್ದ. ಗಾಡಿ ಎಂದರೆ ಸಂಸಾರ ಕೂರುವ ಜಾಗ ಎಂಬುದು, ಸ್ವಂತ ಗಾಡಿ ಇಲ್ಲದ ನಮ್ಮ ಮನೆಯ ಯಜಮಾನನಿಗೆ ತೋಚಿರಲಿಲ್ಲ.

ಕಾಕಾನ ಟ್ರಂಕ್ ಶೆಡ್ಡಿನಲ್ಲೇ ಎರಡು ದಿನ ಇತ್ತು. ಇರು ಎಂದು ಅಪ್ಪ ಹೇಳಲಿಲ್ಲ, ಹೋಗು ಎಂದೂ ಮತ್ತೆ ಹೇಳಲಿಲ್ಲ. ಭಾನುವಾರ ಬೆಳಿಗ್ಗೆ ತಗಡಿನ ಅಂಚನ್ನು ಒಳಕ್ಕೆ ಪೂರ್ತಿ ಮಡಿಸುವ ಕೆಲಸ ಹಿಡಿದ. ಅದು ಒಬ್ಬನ ಕೆಲಸವಲ್ಲ. ಬಣ್ಣ ತಣ್ಣಗಿದ್ದರೆ ಬಿರಿಯುತ್ತದೆ, ಅದನ್ನು ಬೆಚ್ಚಗಿಡುವುದು ಬಣ್ಣದವನಿಗೇ ಗೊತ್ತು. ಅಪ್ಪ ಯಾರನ್ನೂ ಕರೆಯದೆ, ಅವ್ವನಿಗೆ ಬಿಸಿನೀರು ಇಡು ಎಂದಷ್ಟೇ ಕೂಗಿದ. ಕಾಕಾ ತಾನಾಗಿ ಎದ್ದು ಬಟ್ಟೆ ಅದ್ದಿ ಅದ್ದಿ ಮಡ್‌ಗಾರ್ಡಿಗೆ ಹಾಕತೊಡಗಿದ. ಅಪ್ಪ ಬಟ್ಟೆ ಸುತ್ತಿದ ದಪ್ಪ ಪೈಪನ್ನು ಟೈರಿಗೂ ಅಂಚಿಗೂ ನಡುವೆ ಹಿಡಿದ. ಗಾಡಿಯನ್ನು ಗೇಣು ಗೇಣಾಗಿ ಹಿಂದೆ ಮುಂದೆ ನೂಕಲು ಕಾಕಾನ ಜೊತೆ ನಾವೂ ಕೈ ಹಚ್ಚಿದೆವು. ಅಂಚು ಕಿರ್ ಎಂದು ಮೇಲಕ್ಕೆ ಮಡಿಚಿಕೊಂಡಿತು, ಬಣ್ಣದಲ್ಲಿ ಒಂದು ಕೂದಲೆಳೆಯಷ್ಟೂ ಬಿರುಕಿಲ್ಲ. ಎರಡು ಗಂಟೆಯಲ್ಲಿ ಅಣ್ಣತಮ್ಮಂದಿರು ಆಡಿದ್ದು ಹತ್ತು ಮಾತು ಇರಬಹುದು, ಎಲ್ಲವೂ ತಗಡಿನ ವಿಷಯ. ಕೈ ತೊಳೆದುಕೊಂಡು ಅಪ್ಪ ಕೀಲಿಕೈಯನ್ನು ಕಾಕಾನ ಕಡೆ ಚಾಚಿದ.

"ನೀ ಹೊಡಿ. ನಾ ಹಿಂದ ಕುಂಡ್ರತೀನಿ, ಸಪ್ಪಳ ಕೇಳಬೇಕು."

ಅಪ್ಪ ಕ್ಷಮೆ ಕೇಳಿದ್ದು ಹಾಗೆ, ನಮಗೆಲ್ಲ ಅದು ಅರ್ಥವಾಯಿತು. ಹಿಂದೆ ಅಪ್ಪ, ಅವ್ವ, ಆಯಿ ಇಕ್ಕಟ್ಟಾಗಿ ಕುಳಿತರು. ಮುಂದೆ ಕಾಕಾನ ಪಕ್ಕ ನಾನು. ನಮ್ಮ ಮನೆಯ ಐದೂ ಜನ ಒಂದು ಗಾಡಿಯಲ್ಲಿ ಕುಳಿತದ್ದು ಅದೊಂದೇ ಸಲ. ಚೆಕ್ ನಾಕಾದವರೆಗೆ ಹೋಗಿ ತಿರುಗಿಸಿದೆವು. ಶಾಲೆಯ ಮುಂದಿನ ಹಂಪಿನ ಮೇಲೆ ಕಾಕಾ ಬೇಕೆಂದೇ ಸ್ವಲ್ಪ ಜೋರಾಗಿ ಹಾಯಿಸಿದ. ಆಯಿ ಅವ್ವನ ಮಣಿಕಟ್ಟು ಹಿಡಿದುಕೊಂಡಳು. ಅಪ್ಪ ಪಕ್ಕದ ತಗಡಿಗೆ ಕಿವಿ ಒತ್ತಿಕೊಂಡು ಕೂತಿದ್ದ. ಸಪ್ಪಳವಿಲ್ಲ. ಪವಾಯಿಗೆ ಹೋಗಿ ಭುಟ್ಟಾ ತಿಂದು ಬರೋಣವೇ ಎಂದು ಕಾಕಾ ನನ್ನನ್ನು ಕೇಳಿದ. ಎಲ್ಲರೂ ನಕ್ಕರು, ಅಪ್ಪನೂ ನಕ್ಕ. ಕಾಕಾ ಉಳಿಯುತ್ತಾನೆ ಎಂದು ನನಗೆ ಆಗ ಖಾತ್ರಿಯಾಯಿತು.

ಗಾಡಿ ಶೆಡ್ಡಿನೊಳಗೆ ಬಂದು ನಿಂತಿತು. ಅಪ್ಪ ಕಷ್ಟಪಟ್ಟು ಹೊರಗೆ ಬಂದು, ಸೊಂಟ ನೆಟ್ಟಗೆ ಮಾಡಿಕೊಂಡು, ಗೋಡೆಯ ಕಡೆ ನಡೆಯುತ್ತ ಸೀಮೆಸುಣ್ಣಕ್ಕಾಗಿ ಕಿಸೆ ತಡಕಿದ.

"ಸುನಂದಿ, ಎಷ್ಟಾತು?"

ದಾರಿಯುದ್ದಕ್ಕೂ ಗಾಡಿಯಲ್ಲೇ ಕುಳಿತಿದ್ದವನು ಅವನು. ಮೀಟರ್ ನಂಬಬಾರದು ಎಂದು ಮೊನ್ನೆಯಷ್ಟೇ ಹೇಳಿದ್ದವನೂ ಅವನೇ. ಅಪ್ಪನ ಬಾಯಿಂದ ಆ ಮಾತು ರೂಢಿಯಿಂದ ಬಂತು, ಅದರಲ್ಲಿ ವಿಷವಿರಲಿಲ್ಲ ಎಂದು ನಾನು ಇಂದಿಗೂ ಹೇಳಬಲ್ಲೆ. ನನಗೆ ಗೊತ್ತಿಲ್ಲ ಎಂದಿದ್ದರೆ, ನೋಡಲಿಲ್ಲ ಎಂದಿದ್ದರೆ ಮುಗಿದುಹೋಗುತ್ತಿತ್ತು.

"ನಾಕ ಕಿಲೋಮೀಟರ್ ಅಪ್ಪಾ. ಹೋಗೂಕಿಂತ ಮದಲ ನೋಡಿ ಇಟ್ಕೊಂಡಿದ್ನಿ."

ಅಪ್ಪ ‘ಹ್ಞೂಂ’ ಎಂದ. ಕಾಕಾ ಇನ್ನೂ ಸ್ಟೇರಿಂಗ್ ಹಿಡಿದೇ ಕುಳಿತಿದ್ದ. ಅವನು ಅಪ್ಪನನ್ನು ನೋಡಲಿಲ್ಲ, ನನ್ನನ್ನು ನೋಡಿದ. ಕೀಲಿಕೈ ತೆಗೆದು ಮೊಳೆಗೆ ಹಾಕದೆ ನನ್ನ ಅಂಗೈಯಲ್ಲಿಟ್ಟು ಬೆರಳು ಮುಚ್ಚಿದ. ಅಂದು ಮಧ್ಯಾಹ್ನ ಎಲ್ಲರ ಜೊತೆ ಕುಳಿತು ಊಟ ಮಾಡಿದ, ಅವ್ವ ಹಾಕಿದ ಎರಡನೇ ರೊಟ್ಟಿಯನ್ನೂ ಬೇಡವೆನ್ನಲಿಲ್ಲ. ಆಮೇಲೆ ಗ್ರಾಂಟ್ ರೋಡಿನಲ್ಲಿ ಬಣ್ಣದ ಕೆಲಸವಿದೆ, ಮಲಗಲು ಅಲ್ಲೇ ಜಾಗವಿದೆ ಎಂದು ಹೇಳಿ ಟ್ರಂಕ್ ಎತ್ತಿಕೊಂಡ. ಯಾಕೆ ಎಂದು ಅಪ್ಪ ಕೇಳಿದ, ಅವನಿಗೆ ನಿಜವಾಗಿಯೂ ತಿಳಿಯಲಿಲ್ಲ. ಆಯಿ ಅತ್ತಳು. ನಾನು ಸ್ಟೇಷನ್ನಿನವರೆಗೂ ಕಾಕಾನ ಪಕ್ಕ ನಡೆದೆ, ಅಳದೆ. ಹೊರಡುವ ಮೊದಲೇ ಮೀಟರ್ ನೋಡಿಟ್ಟುಕೊಂಡವಳಿಗೆ ಅಳುವ ಹಕ್ಕಿಲ್ಲ ಎಂದು ಗೊತ್ತಿತ್ತು. ಲೋಕಲ್ ಬಂದು ನಿಂತಾಗ ಅವನು ಟ್ರಂಕನ್ನು ಒಳಗೆ ತಳ್ಳಿ, ಬಾಗಿಲ ಕಂಬಿ ಹಿಡಿದು ನನ್ನ ಕಡೆ ಬಗ್ಗಿದ.

"ಮೊನ್ನೆ ನೀ ಒಂದ ಸುಳ್ಳ ಹೇಳಿದಿ ನೋಡವ್ವ, ನಾ ಕುಂತಿದ್ನಿ ಅಂತ. ಅದ ಭಾಳ ಚಲೋ ಇತ್ತು."